ಇಂಗ್ಲೆಂಡಿನಲ್ಲಿ ಅಲರ್ಜಿ ಇರುವ ಮನೆಗೆ ನಾಯಿ ತರುವ ಮುನ್ನ

ಇಂಗ್ಲೆಂಡಿನಲ್ಲಿ ನಾಯಿಮರಿಗಳ ಜಾಹೀರಾತು ತೆರೆದರೆ ಒಂದು ಪದ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತದೆ: ಹೈಪೋಅಲರ್ಜೆನಿಕ್, ಅಂದರೆ ಅಲರ್ಜಿ ಮಾಡದ ನಾಯಿ. ಪೂಡಲ್ ಬೆರಕೆಯ ಕಾಕಪೂ, ಕವಪೂ, ಲ್ಯಾಬ್ರಡೂಡಲ್, ಗುಂಗುರು ಕೂದಲಿನ ಮರಿ ಯಾವುದಾದರೂ ಸರಿ, ಈ ಹಣೆಪಟ್ಟಿ ಹಚ್ಚಿಯೇ ಬೆಲೆ ಏರಿಸುತ್ತಾರೆ. ಮಗನಿಗೆ ಉಬ್ಬಸ, ಮಗಳಿಗೆ ನಾಯಿಯ ಹಟ. ಅಂಥ ಮನೆಯವರಿಗೆ ಇದನ್ನು ನಂಬಬೇಕೆನಿಸುವುದು ಸಹಜ. ನಂಬಬೇಡಿ.

ತೊಂದರೆ ಇರುವುದು ಕೂದಲಿನಲ್ಲಲ್ಲ. ನಾಯಿಯ ಜೊಲ್ಲು, ಮೂತ್ರ, ಚರ್ಮದಿಂದ ಉದುರುವ ಹೊಟ್ಟು ಇವುಗಳಲ್ಲಿರುವ ಪ್ರೊಟೀನ್‌ಗಳಿಂದ ಅಲರ್ಜಿ ಆಗುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಕ್ಯಾನ್ ಎಫ್ 1. ಪೂಡಲ್ ನಿಮ್ಮ ಸೋಫಾ ತುಂಬ ಕೂದಲು ಉದುರಿಸದೇ ಇರಬಹುದು. ಆದರೆ ಅದೂ ಮೈ ನೆಕ್ಕಿಕೊಳ್ಳುತ್ತದೆ, ಅದರ ಚರ್ಮದಿಂದಲೂ ಹೊಟ್ಟು ಏಳುತ್ತದೆ. 2012ರ ಒಂದು ಡಚ್ ಅಧ್ಯಯನದಲ್ಲಿ ಈ 'ಅಲರ್ಜಿ ಮಾಡದ' ತಳಿಗಳ ಕೂದಲಿನಲ್ಲೇ ಕ್ಯಾನ್ ಎಫ್ 1 ಹೆಚ್ಚಾಗಿ ಸಿಕ್ಕಿತು.

ಲ್ಯಾಬ್ರಡೂಡಲ್ ಹುಟ್ಟಿದ ಕಥೆಯೇ ಇದಕ್ಕೆ ಸಾಕ್ಷಿ. 1980ರ ದಶಕದ ಕೊನೆಯಲ್ಲಿ ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ಮಾರ್ಗದರ್ಶಿ ನಾಯಿ ಬೇಕಿತ್ತು, ಗಂಡನಿಗೆ ನಾಯಿ ಅಲರ್ಜಿ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿ ಸಂಸ್ಥೆಯ ವಾಲಿ ಕಾನ್‌ರನ್ ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಜೋಡಿ ಮಾಡಿಸಿದರು. ಮೂರು ಮರಿ ಹುಟ್ಟಿದವು. ಕೂದಲು, ಜೊಲ್ಲಿನ ಮಾದರಿ ಹವಾಯಿಗೆ ಹೋದವು. ಆ ಗಂಡನಿಗೆ ಒಗ್ಗಿದ್ದು ಮೂರರಲ್ಲಿ ಒಂದೇ ಒಂದು. ಒಂದೇ ಸೂಲಿನ ಮರಿಗಳಲ್ಲೇ ಇಷ್ಟು ಅಂತರ ಇರುವಾಗ, ತಳಿಯ ಹೆಸರು ನೋಡಿ ಮುಂಗಡ ಕೊಡುವುದು ದುಡುಕು. ನೀವು ಆರಿಸಬೇಕಾದದ್ದು ತಳಿಯನ್ನಲ್ಲ, ಒಂದು ನಾಯಿಯನ್ನು. ಅದನ್ನೂ ಅಲರ್ಜಿ ಇರುವವರನ್ನು ಜೊತೆಗೆ ಕೂರಿಸಿಕೊಂಡು.

ಅದಕ್ಕೂ ಮೊದಲು ಜಿಪಿ, ಅಂದರೆ ನಿಮ್ಮ ಕುಟುಂಬ ವೈದ್ಯರ ಹತ್ತಿರ ಹೋಗಿ. ನಮ್ಮವರಲ್ಲಿ ಎಷ್ಟೋ ಜನಕ್ಕೆ ಇಲ್ಲಿಗೆ ಬಂದ ಕೆಲವು ವರ್ಷಕ್ಕೆ ಹೇ ಫೀವರ್ (ಪರಾಗದ ಅಲರ್ಜಿ) ಅಂಟಿಕೊಳ್ಳುತ್ತದೆ. ಮೇ ತಿಂಗಳಿಂದ ಜುಲೈವರೆಗೆ ಹುಲ್ಲಿನ ಪರಾಗ, ವರ್ಷವಿಡೀ ಕಾರ್ಪೆಟ್ಟಿನ ಧೂಳುಹುಳ. ಸೀನಿಗೆ ಕಾರಣ ಅವೇ ಆಗಿದ್ದರೂ ತಪ್ಪು ನಾಯಿಯ ತಲೆಗೆ ಬರುತ್ತದೆ. ಜಿಪಿ ಒಪ್ಪಿದರೆ ರಕ್ತಪರೀಕ್ಷೆ, ಇಲ್ಲವೇ ಅಲರ್ಜಿ ಕ್ಲಿನಿಕ್ಕಿಗೆ ಚೀಟಿ. ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಸರತಿ ತಿಂಗಳುಗಟ್ಟಲೆ ಆಗಬಹುದು, ಕಾಯಿರಿ. ಚುಚ್ಚಿ ನೋಡುವ ಚರ್ಮದ ಪರೀಕ್ಷೆಗೆ ಕೆಲವು ದಿನ ಮೊದಲೇ ಸೆಟಿರಿಜಿನ್ ಥರದ ಅಲರ್ಜಿ ಮಾತ್ರೆ ನಿಲ್ಲಿಸಲು ಹೇಳುತ್ತಾರೆ.

ಕ್ಲಿನಿಕ್ಕಿನಲ್ಲಿ ಇನ್ನೊಂದನ್ನು ಕೇಳಿ: ಕ್ಯಾನ್ ಎಫ್ 5. ಈ ಪ್ರೊಟೀನ್ ತಯಾರಾಗುವುದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ನಾಯಿ ಅಲರ್ಜಿ ಇರುವವರಲ್ಲಿ ಒಂದು ಪಾಲು ಜನಕ್ಕೆ ಇದೊಂದೇ ಆಗಿಬರುವುದಿಲ್ಲ. ಅಂಥವರಿಗೆ ಹೆಣ್ಣು ನಾಯಿ, ಅಥವಾ ಸಂತಾನಹರಣ ಮಾಡಿಸಿದ ಗಂಡು ನಾಯಿ ಹೊಂದಬಹುದು. ತಳಿಯ ಪಟ್ಟಿ ಇಟ್ಟುಕೊಂಡು ಕೂತವರಿಗೆ ಈ ಸಂಗತಿ ಗೊತ್ತೇ ಇರುವುದಿಲ್ಲ. ಉಬ್ಬಸ ಜೋರಾಗಿದ್ದು, ಆಸ್ಪತ್ರೆ ಸೇರಿದ ಉದಾಹರಣೆ ಇದ್ದರೆ ಮಾತ್ರ ಯಾವ ನಾಯಿಯ ಪ್ರಯೋಗವೂ ಬೇಡ, ವೈದ್ಯರ ಮಾತೇ ಕೊನೆ.

ಈಗ ನಾಯಿ ಹುಡುಕುವುದು. ನನ್ನ ಒಲವು ಬೆಳೆದ ನಾಯಿಯ ಕಡೆಗೆ, ಅದೂ ಬಿಟ್ಟುಹೋದ ನಾಯಿಗಳನ್ನು ನೋಡಿಕೊಳ್ಳುವ ರೆಸ್ಕ್ಯೂ ಕೇಂದ್ರದಿಂದ. ಡಾಗ್ಸ್ ಟ್ರಸ್ಟ್, ಬ್ಯಾಟರ್‌ಸೀ, ಆರ್‌ಎಸ್‌ಪಿಸಿಎ, ಬ್ಲೂ ಕ್ರಾಸ್ ಎಲ್ಲರೂ ನಿಮ್ಮ ಮನೆ, ಕೆಲಸದ ಹೊತ್ತು, ಮಕ್ಕಳ ವಯಸ್ಸು ವಿಚಾರಿಸಿಯೇ ಕೊಡುತ್ತಾರೆ. ಈ ತನಿಖೆಗೆ ಬೇಸರಪಡಬೇಡಿ, ಅಲರ್ಜಿಯ ವಿಷಯ ಮೊದಲೇ ಹೇಳಿಬಿಡಿ. ಬೆಳೆದ ನಾಯಿ ಹೇಗಿದೆಯೋ ಹಾಗೇ ನಿಮ್ಮೆದುರು ಇರುತ್ತದೆ. ಎಂಟು ವಾರದ ಮರಿ ಹಾಗಲ್ಲ, ಗಂಡಾದರೆ ಕ್ಯಾನ್ ಎಫ್ 5 ಶುರುವಾಗುವುದೇ ಪ್ರಾಯಕ್ಕೆ ಬಂದ ಮೇಲೆ.

ಭೇಟಿಗೆ ಹೋದಾಗ ತೋಟದಲ್ಲಿ ಐದು ನಿಮಿಷ ಆಡಿಸಿ ಬಂದರೆ ಏನೂ ಗೊತ್ತಾಗದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಟೆ ಹೊತ್ತು ಕೂರಿ, ಮೈದಡವಿ, ಕೈ ನೆಕ್ಕಲು ಬಿಡಿ. ನೆಕ್ಕಿದ ಜಾಗದಲ್ಲಿ ದದ್ದು ಏಳುತ್ತದೆಯೇ, ಕಣ್ಣು ಕೆಂಪಾಗುತ್ತದೆಯೇ, ಆ ರಾತ್ರಿ ಎದೆ ಬಿಗಿಯುತ್ತದೆಯೇ ನೋಡಿ. ಅಲರ್ಜಿ ಮಾತ್ರೆ ನುಂಗಿ ಹೋದರೆ ಪರೀಕ್ಷೆಗೆ ಅರ್ಥವಿಲ್ಲ, ಆದರೆ ಉಬ್ಬಸದ ಇನ್‌ಹೇಲರ್ ಮಾತ್ರ ಬಿಡಬಾರದು, ಜೇಬಿನಲ್ಲೇ ಇರಲಿ. ಬೇರೆ ಬೇರೆ ದಿನ ಮತ್ತೆ ಹೋಗಿ. ಕೆಲವು ಸಂಸ್ಥೆಗಳಲ್ಲಿ ಫಾಸ್ಟರಿಂಗ್ ಇದೆ, ಅಂದರೆ ಕೆಲವು ವಾರ ನಾಯಿ ನಿಮ್ಮ ಮನೆಯಲ್ಲೇ ಇರುತ್ತದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಮರಿಯೇ ಬೇಕೆಂದರೆ ಕಾನೂನು ನಿಮ್ಮ ಕಡೆಗಿದೆ. 2020ರ ಏಪ್ರಿಲ್ 6ರಿಂದ ಇಂಗ್ಲೆಂಡಿನಲ್ಲಿ ಲೂಸಿ ಕಾನೂನು ಜಾರಿಯಲ್ಲಿದೆ. ಆರು ತಿಂಗಳೊಳಗಿನ ಮರಿಯನ್ನು ಅಂಗಡಿಯವರೋ ದಲ್ಲಾಳಿಯೋ ಮಾರುವಂತಿಲ್ಲ. ಸಾಕಿದವರೇ, ಮರಿ ಹುಟ್ಟಿದ ಜಾಗದಲ್ಲೇ, ತಾಯಿಯ ಜೊತೆ ತೋರಿಸಬೇಕು. ಎಂಟು ವಾರ ತುಂಬಿರಬೇಕು, ಮೈಕ್ರೋಚಿಪ್ ಹಾಕಿಸಿರಬೇಕು. ವರ್ಷಕ್ಕೆ ಮೂರು ಸೂಲು ಅಥವಾ ಹೆಚ್ಚು ಮಾಡಿಸುವವರಿಗೆ ಕೌನ್ಸಿಲ್ ಲೈಸೆನ್ಸ್ ಬೇಕು. ನಂಬರ್ ಕೇಳಲು ಸಂಕೋಚ ಬೇಡ. "ತಾಯಿ ವೆಟ್ ಹತ್ತಿರ ಹೋಗಿದೆ, ಮೋಟರ್‌ವೇ ಸರ್ವಿಸಸ್‌ನಲ್ಲಿ ಸಿಗೋಣ" ಅಂದರೆ ಫೋನ್ ಇಟ್ಟುಬಿಡಿ. ಅಲರ್ಜಿಯಾದರೆ ಮರಿ ವಾಪಸ್ ತೆಗೆದುಕೊಳ್ಳುವ ಮಾತು ಬರವಣಿಗೆಯಲ್ಲಿರಲಿ. ಆರ್‌ಎಸ್‌ಪಿಸಿಎ ಸೇರಿ ರೂಪಿಸಿದ ಪಪ್ಪಿ ಕಾಂಟ್ರ್ಯಾಕ್ಟ್ ಉಚಿತವಾಗಿ ಸಿಗುತ್ತದೆ, ಅದನ್ನೇ ಬಳಸಿ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ನಿಯಮ ಬೇರೆ.

ಬಾಡಿಗೆ ಮನೆಯವರಿಗೆ ಈಗ ಹಾದಿ ಸ್ವಲ್ಪ ಸಲೀಸು. 2025ರ ರೆಂಟರ್ಸ್ ರೈಟ್ಸ್ ಕಾಯ್ದೆಯ ಪ್ರಕಾರ, 2026ರ ಮೇ 1ರಿಂದ, ಲಿಖಿತವಾಗಿ ಕೇಳಿದರೆ ಮಾಲೀಕ ಸಕಾರಣವಿಲ್ಲದೆ ಬೇಡ ಅನ್ನುವಂತಿಲ್ಲ. ಫ್ಲ್ಯಾಟ್‌ನ ಮೂಲ ಲೀಸ್‌ನಲ್ಲೇ, ಅಂದರೆ ಮಾಲೀಕನೇ ಪಾಲಿಸಬೇಕಾದ ಗುತ್ತಿಗೆಯಲ್ಲೇ, ಸಾಕುಪ್ರಾಣಿ ನಿಷೇಧವಿದ್ದರೆ ಅದು ಸಕಾರಣವೇ.

ಇನ್ನು ಮನೆ. ಊರಿನಲ್ಲಿ ನಾಯಿ ಅಂಗಳದಲ್ಲಿರುತ್ತಿತ್ತು, ರೆಡ್ ಆಕ್ಸೈಡ್ ನೆಲ ದಿನಾ ಒರೆಸುತ್ತಿದ್ದೆವು. ಅಲ್ಲಿ ನಾಯಿ ಜೊತೆ ಬೆಳೆದವನಿಗೆ ಇಲ್ಲಿ ಸೀನು ಬಂದರೆ ಆಶ್ಚರ್ಯವಿಲ್ಲ: ಗೋಡೆಯಿಂದ ಗೋಡೆಗೆ ಕಾರ್ಪೆಟ್, ಚಳಿಗೆ ಮುಚ್ಚಿದ ಕಿಟಕಿ. ಸಾಧ್ಯವಾದರೆ ಕಾರ್ಪೆಟ್ ಕೀಳಿಸಿ, ಮಲಗುವ ಕೋಣೆಗೆ ನಾಯಿ ಬಿಡಲೇಬೇಡಿ, ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಇಟ್ಟುಕೊಳ್ಳಿ. ಮೈ ತೊಳೆಸಿದರೆ ಅಲರ್ಜಿ ಪ್ರೊಟೀನ್ ಇಳಿಯುತ್ತದೆ, ಕೆಲವೇ ದಿನಕ್ಕೆ ಮತ್ತೆ ಮೊದಲಿನಷ್ಟೇ. ಗುಂಗುರು ಕೂದಲಿನ ನಾಯಿಗೆ ಆರೆಂಟು ವಾರಕ್ಕೊಮ್ಮೆ ಗ್ರೂಮರ್ ಖರ್ಚು ಬೇರೆ. ಬಾಚುವ ಕೆಲಸ ಅಲರ್ಜಿ ಇಲ್ಲದವರದ್ದು, ಹೊರಗೆ ನಿಂತು.

ಬೇಸಿಗೆಗೆ ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅವರಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ನಾಯಿ ಬರುವ ಮುಂಚೆಯೇ ಊರಿನ ಡಾಕ್ಟರ ಹತ್ತಿರ ಕೇಳಿಸಿ, ಅವರ ಕೋಣೆ ಯಾವುದೆಂದು ಈಗಲೇ ಗೊತ್ತುಮಾಡಿ, ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಆ ಕೋಣೆಯ ಕಾರ್ಪೆಟ್ ತೆಗೆಸಿ.