ಸಿಪ್ಯಾಪ್ ಮಷಿನ್ ಮನೆಗೆ ಬಂತು: ತೊಳೆಯುವುದು ಹೇಗೆ, ಬದಲಾಯಿಸುವುದು ಯಾವಾಗ?

ಸ್ಲೀಪ್ ಆ್ಯಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ ಇರುವವರಿಗೆ ಡಾಕ್ಟರು ಸಿಪ್ಯಾಪ್ ಮಷಿನ್ ಬರೆದುಕೊಡುತ್ತಾರೆ. ಅಂಗಡಿಯವರು ಮನೆಗೆ ಬಂದು ಮಾಸ್ಕ್ ಹಾಕಿ ತೋರಿಸಿ, ಸ್ವಿಚ್ ಎಲ್ಲಿದೆ ಎಂದು ಹೇಳಿ ಹೋಗುತ್ತಾರೆ. ಅದಕ್ಕೆ ಯಾವ ನೀರು ಹಾಕಬೇಕು, ಯಾವ ಭಾಗವನ್ನು ಯಾವಾಗ ಬದಲಾಯಿಸಬೇಕು ಎಂದು ಕೂತು ವಿವರಿಸುವವರು ಕಡಿಮೆ.

ಮಷಿನ್ ಮಾಡುವ ಕೆಲಸ ಸರಳ. ಕೋಣೆಯ ಗಾಳಿಯನ್ನು ಎಳೆದುಕೊಂಡು, ಒತ್ತಡ ಕೊಟ್ಟು, ನೀರಿನ ಡಬ್ಬಿಯ (ಹ್ಯೂಮಿಡಿಫೈಯರ್) ಮೂಲಕ ತೇವ ಸೇರಿಸಿ, ಟ್ಯೂಬಿನಲ್ಲಿ ಮಾಸ್ಕಿಗೆ ಕಳಿಸುತ್ತದೆ. ಆ ಒತ್ತಡದಿಂದ ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಳ್ಳುವುದಿಲ್ಲ. ಅಂದರೆ ಕೋಣೆಯ ದೂಳು, ಡಬ್ಬಿಯ ನೀರಿನ ಆವಿ, ಮಾಸ್ಕಿನ ಕೊಳೆ ಎಲ್ಲದರ ಜೊತೆಗೂ ನೀವು ರಾತ್ರಿಯಿಡೀ ಉಸಿರಾಡುತ್ತೀರಿ. ಹಾಗಾಗಿ ಇದನ್ನು ಶುಚಿಯಾಗಿಡುವುದೂ ಚಿಕಿತ್ಸೆಯ ಭಾಗವೇ.

ಬೆಳಿಗ್ಗೆ ಎದ್ದ ಕೂಡಲೇ

ಮೊದಲು ಪ್ಲಗ್ ತೆಗೆಯಿರಿ. ಮಾಸ್ಕಿನಲ್ಲಿ ಮುಖಕ್ಕೆ ತಾಗುವ ಮೆತ್ತನೆಯ ಸಿಲಿಕಾನ್ ಕುಷನ್ ಬಿಡಿಸಿಕೊಂಡು, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಬೇಬಿ ಶಾಂಪೂ ಅಥವಾ ವಾಸನೆಯಿಲ್ಲದ ಮೃದು ಸೋಪು ಹಾಕಿ, ಬೆರಳಿನಿಂದ ಉಜ್ಜಿ ತೊಳೆಯಿರಿ. ಸೋಪು ಪೂರ್ತಿ ಹೋದ ಮೇಲೆ ಬಟ್ಟೆಯ ಮೇಲಿಟ್ಟು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಸಿಲಿಕಾನ್ ಬೇಗ ಹಾಳಾಗುತ್ತದೆ. ಡೆಟಾಲ್, ಬ್ಲೀಚ್, ಸ್ಪಿರಿಟ್ ಯಾವುದೂ ಬೇಡ. ಅವು ಕುಷನ್ ಕೆಡಿಸುತ್ತವೆ, ಘಾಟು ರಾತ್ರಿ ಮೂಗಿಗೇ ಬರುತ್ತದೆ.

ಡಬ್ಬಿಯಲ್ಲಿ ಉಳಿದ ನೀರನ್ನು ಚೆಲ್ಲಿಬಿಡಿ. ಅದರ ಮೇಲೇ ಹೊಸ ನೀರು ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಡಬ್ಬಿ ತೊಳೆದು, ಮುಚ್ಚಳ ತೆರೆದಿಟ್ಟು ಒಣಗಲು ಬಿಡಿ.

ರಾತ್ರಿ ಮಾಸ್ಕ್ ಹಾಕುವ ಮೊದಲು ಮುಖ ತೊಳೆಯಿರಿ. ಕ್ರೀಮು, ಎಣ್ಣೆ ಇದ್ದರೆ ಮಾಸ್ಕ್ ಜಾರಿ ಗಾಳಿ ಸೋರುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರು ಅದನ್ನು ಹಗಲಿಗೆ ಇಟ್ಟುಕೊಳ್ಳಿ. ಎಣ್ಣೆ ಹೀರಿದರೆ ಮಾಸ್ಕನ್ನು ಹಿಡಿದಿಡುವ ತಲೆಪಟ್ಟಿ ಬೇಗ ಸಡಿಲವಾಗುತ್ತದೆ.

ಬೆಂಗಳೂರಿನವರ ದೊಡ್ಡ ಪ್ರಶ್ನೆ: ನೀರು

ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ನಂಬಿಕೊಂಡ ಅಪಾರ್ಟ್‌ಮೆಂಟ್‌ಗಳು ಬೇಕಾದಷ್ಟಿವೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದರೂ ಟ್ಯಾಂಕರ್ ಓಡಾಟ ನಿಂತಿಲ್ಲ. ಆ ಗಡಸು ನೀರಿನಿಂದ ಗೀಸರ್ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಿ ಅಲ್ವಾ? ಅದೇ ಪದರ ಹ್ಯೂಮಿಡಿಫೈಯರ್ ಡಬ್ಬಿಯ ತಳದಲ್ಲೂ ಕಟ್ಟುತ್ತದೆ.

ಡಬ್ಬಿಗೆ ಡಿಸ್ಟಿಲ್ಡ್ ವಾಟರ್, ಅಂದರೆ ಆವಿ ಮಾಡಿ ತಣಿಸಿ ಲವಣ ತೆಗೆದ ನೀರು ಮಾತ್ರ ಹಾಕಿ. ಕುದಿಸಿದ ನೀರಿನಲ್ಲಿ ಕ್ರಿಮಿ ಸಾಯುತ್ತವೆ, ಲವಣ ಹೋಗುವುದಿಲ್ಲ. ಆರ್‌ಓ ನೀರಿನಲ್ಲಿ ಲವಣ ಕಡಿಮೆಯಾದರೂ ಪೂರ್ತಿ ಹೋಗಿರುವುದಿಲ್ಲ. ರುಚಿಗೆಂದು ಮತ್ತೆ ಲವಣ ಸೇರಿಸುವ ಫಿಲ್ಟರ್‌ಗಳೂ ಇವೆ. ಯುಪಿಎಸ್ ಬ್ಯಾಟರಿಗೆ ಹಾಕುವ ಕ್ಯಾನಿನ ನೀರು ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ. ಅದನ್ನು ತಯಾರಿಸಿರುವುದು ಬ್ಯಾಟರಿಗೆ, ಉಸಿರಾಟಕ್ಕಲ್ಲ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರಿಸಿಕೊಳ್ಳಿ.

ಒಂದು ರಾತ್ರಿ ನೀರು ಖಾಲಿಯಾಗಿದ್ದರೆ ಹ್ಯೂಮಿಡಿಫೈಯರ್ ಆಫ್ ಮಾಡಿ ಮಷಿನ್ ಬಳಸಿ. ಮೂಗು, ಬಾಯಿ ಒಣಗಬಹುದು. ಆದರೆ ಚಿಕಿತ್ಸೆ ತಪ್ಪುವುದಿಲ್ಲ.

ಪದರ ಈಗಾಗಲೇ ಕಟ್ಟಿದ್ದರೆ ಒಂದು ಪಾಲು ಬಿಳಿ ವಿನೆಗರ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಡಬ್ಬಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ನೆನೆಸಿ, ವಾಸನೆ ಹೋಗುವವರೆಗೆ ತೊಳೆಯಿರಿ. ನಿಮ್ಮ ಮಾಡೆಲ್‌ನ ಡಬ್ಬಿಗೆ ವಿನೆಗರ್ ಆಗುತ್ತದೆಯೇ ಎಂದು ಮೊದಲು ಮಷಿನ್ ಜೊತೆ ಬಂದ ಪುಸ್ತಕದಲ್ಲಿ ನೋಡಿ.

ವಾರಕ್ಕೊಮ್ಮೆ

ಭಾನುವಾರ ಟ್ಯೂಬನ್ನೂ ತಲೆಪಟ್ಟಿಯನ್ನೂ ಅದೇ ಸೋಪಿನ ನೀರಿನಲ್ಲಿ ತೊಳೆಯಿರಿ. ಟ್ಯೂಬಿನೊಳಗೆ ನೀರು ಆಚೀಚೆ ಅಲ್ಲಾಡಿಸಿ, ಚೆಲ್ಲಿ, ಎರಡೂ ಬಾಯಿ ಕೆಳಗಿರುವಂತೆ ನೇತುಹಾಕಿ. ಪೂರ್ತಿ ಒಣಗದೆ ಜೋಡಿಸಬೇಡಿ. ಮಳೆಗಾಲದಲ್ಲಿ ಬೆಳಿಗ್ಗೆ ಬೇಗನೇ ತೊಳೆದಿಟ್ಟರೆ ರಾತ್ರಿಯೊಳಗೆ ಒಣಗುತ್ತದೆ.

ಮಷಿನ್ ಹಿಂದಿರುವ ಫಿಲ್ಟರ್ ತೆಗೆದು ನೋಡಿ. ಬಿಳಿ ಕಾಗದದಂಥದ್ದನ್ನು ತೊಳೆಯಬಾರದು, ಬೂದು ಬಣ್ಣಕ್ಕೆ ತಿರುಗಿದರೆ ಎಸೆದು ಹೊಸದು ಹಾಕಬೇಕು. ಸ್ಪಂಜಿನಂಥದ್ದನ್ನು ತೊಳೆದು ಒಣಗಿಸಿ ಮತ್ತೆ ಹಾಕಬಹುದು. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದ್ದರೆ, ಬೀದಿಯಲ್ಲಿ ಮೆಟ್ರೋ ಕಾಮಗಾರಿ ನಡೆಯುತ್ತಿದ್ದರೆ ಫಿಲ್ಟರ್ ಬೇಗ ಕಪ್ಪಾಗುತ್ತದೆ. ಈ ಫಿಲ್ಟರ್ ದೂಳನ್ನು ತಡೆಯುತ್ತದೆ, ಹೊಗೆ ಮತ್ತು ವಾಸನೆಯನ್ನು ತಡೆಯುವುದಿಲ್ಲ. ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಅಗರಬತ್ತಿ, ಸಾಂಬ್ರಾಣಿ ಹಚ್ಚಬೇಡಿ. ಸೊಳ್ಳೆ ಪರದೆ ಕಟ್ಟಿ. ಮಷಿನ್ ನೆಲದ ಮೇಲೆ ಬೇಡ, ಪರದೆಯ ಬಟ್ಟೆ ಗಾಳಿಯ ದಾರಿಗೆ ಅಡ್ಡ ಬರಬಾರದು.

ಡಿಸೆಂಬರ್, ಜನವರಿ ಚಳಿಗೆ ಟ್ಯೂಬಿನಲ್ಲಿ ಆವಿ ತಣ್ಣಗಾಗಿ ನೀರಾಗುತ್ತದೆ. ಗೊಳಗೊಳ ಸದ್ದು ಬಂದು ಮುಖಕ್ಕೆ ಹನಿ ಬೀಳುತ್ತದೆ. ಮಷಿನನ್ನು ತಲೆಗಿಂತ ಸ್ವಲ್ಪ ಕೆಳಗಿಡಿ, ಟ್ಯೂಬಿಗೆ ಬಟ್ಟೆಯ ಕವರ್ ಹಾಕಿ ಇಲ್ಲವೇ ಹೊದಿಕೆಯೊಳಗೆ ತೆಗೆದುಕೊಳ್ಳಿ. ತೇವದ ಮಟ್ಟವನ್ನೂ ಒಂದು ಹೆಜ್ಜೆ ಇಳಿಸಿ.

ಬದಲಾಯಿಸುವ ಲೆಕ್ಕ

ಇಂಟರ್‌ನೆಟ್‌ನಲ್ಲಿ ಸಿಗುವ 'ಮೂರು ತಿಂಗಳಿಗೆ ಮಾಸ್ಕ್, ಆರು ತಿಂಗಳಿಗೆ ಡಬ್ಬಿ' ಎಂಬ ಪಟ್ಟಿ ಹೆಚ್ಚಾಗಿ ಅಮೆರಿಕದ ಮೆಡಿಕೇರ್ ವಿಮೆಯದ್ದು. ಅಲ್ಲಿ ವಿಮೆ ಯಾವಾಗ ದುಡ್ಡು ಕೊಡುತ್ತದೆ ಎನ್ನುವುದನ್ನು ಅದು ಹೇಳುತ್ತದೆ. ಕೈಯಿಂದ ಖರ್ಚು ಮಾಡುವ ನಾವು ಕ್ಯಾಲೆಂಡರ್ ನೋಡುವುದಕ್ಕಿಂತ ವಸ್ತುವನ್ನೇ ನೋಡುವುದು ಮೇಲು. ಕುಷನ್ ಹಳದಿಯಾಗಿ ಗಟ್ಟಿಯಾಗಿದೆಯೇ, ತೊಳೆದರೂ ಜಿಡ್ಡು ಹೋಗುತ್ತಿಲ್ಲವೇ, ಪಟ್ಟಿಯನ್ನು ದಿನೇ ದಿನೇ ಬಿಗಿ ಮಾಡಬೇಕಾಗುತ್ತಿದೆಯೇ? ಬದಲಾಯಿಸುವ ಹೊತ್ತು ಬಂದಿದೆ. ಹಾಳಾದ ಕುಷನ್ನಿಗೆ ಪಟ್ಟಿ ಬಿಗಿದರೆ ಮೂಗಿನ ಮೇಲೆ ಗಾಯವಾಗುತ್ತದೆ ಅಷ್ಟೇ, ಸೋರುವುದು ನಿಲ್ಲುವುದಿಲ್ಲ.

ಕುಷನ್ ಮಾತ್ರ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲು ಕೇಳಿ. ಸುಮ್ನೆ ಇಡೀ ಮಾಸ್ಕ್ ಕೊಳ್ಳಬೇಡಿ. ಹಳೆಯದರ ಹೆಸರು, ಅಳತೆಯ ಫೋಟೊ ತೆಗೆದುಕೊಂಡು ಹೋಗಿ. ಹೊಸದನ್ನು ಕುಳಿತು ನೋಡಿದರೆ ಸಾಲದು. ಮಲಗಿ, ಮಷಿನ್ ಓಡಿಸಿಯೇ ಸೋರಿಕೆ ನೋಡಬೇಕು. ಕೆಲವು ಮಾಸ್ಕ್‌ಗಳ ಕ್ಲಿಪ್ಪಿನಲ್ಲಿ ಅಯಸ್ಕಾಂತ ಇರುತ್ತದೆ. ನಿಮಗೋ ಪಕ್ಕದಲ್ಲಿ ಮಲಗುವವರಿಗೋ ಪೇಸ್‌ಮೇಕರ್ ಇದ್ದರೆ ಅಂಥದ್ದು ಬೇಡ.

ಟ್ಯೂಬಿನಲ್ಲಿ ಸಣ್ಣ ಬಿರುಕು, ಡಬ್ಬಿಯಲ್ಲಿ ಸೀಳು ಕಂಡರೆ ಟೇಪ್ ಸುತ್ತಬೇಡಿ, ಹೊಸದು ಹಾಕಿ.

ಮಷಿನ್ ಸಾಮಾನ್ಯವಾಗಿ ಐದು ವರ್ಷ ಚೆನ್ನಾಗಿ ಬರುತ್ತದೆ. ಸದ್ದು ಜಾಸ್ತಿಯಾದರೆ, ಸುಟ್ಟ ವಾಸನೆ ಬಂದರೆ, ಮಾಸ್ಕಿನಲ್ಲಿ ಕಪ್ಪು ಚೂರು ಕಂಡರೆ ಕಾಯಬೇಡಿ, ಬಳಸುವುದನ್ನು ನಿಲ್ಲಿಸಿ ಡಾಕ್ಟರಿಗೆ ಹೇಳಿ. ಸದ್ದು ತಗ್ಗಿಸಲು ಒಳಗಿಟ್ಟ ಫೋಮ್ ಪುಡಿಯಾಗುವ ಅಪಾಯವಿದೆ ಎಂದು ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಲಕ್ಷಾಂತರ ಮಷಿನ್‌ಗಳನ್ನು ವಾಪಸ್ ಕರೆಸಿತ್ತು. ಓಝೋನ್ ಅನಿಲದಿಂದ ಶುಚಿ ಮಾಡುವ ಕ್ಲೀನರ್ ಬಳಸಿದರೆ ಆ ಫೋಮ್ ಇನ್ನೂ ಬೇಗ ಕೆಡುತ್ತದೆ ಎಂದು ಆಗ ತಿಳಿಸಲಾಗಿತ್ತು. ಸೋಪು, ನೀರು ಸಾಕು. ಸೆಕೆಂಡ್ ಹ್ಯಾಂಡ್ ಮಷಿನ್ ಕೊಳ್ಳುವವರೂ ಹೀಗೆ ವಾಪಸ್ ಕರೆಸಿದ್ದನ್ನು ನೆನಪಿಡಿ. ಇನ್ನೊಬ್ಬರ ಒತ್ತಡದ ಸೆಟ್ಟಿಂಗ್ ನಿಮ್ಮದಲ್ಲ, ಅದನ್ನು ಡಾಕ್ಟರೇ ನಿಗದಿ ಮಾಡಬೇಕು. ತೂಕ ತುಂಬಾ ಇಳಿದರೂ ಏರಿದರೂ ಮತ್ತೆ ತೋರಿಸಿ.

ಊರಿಗೆ ಹೊರಟಾಗ ಡಬ್ಬಿಯ ನೀರು ಪೂರ್ತಿ ಚೆಲ್ಲಿ ಒಣಗಿಸಿದ ಮೇಲೇ ಮಷಿನ್ ಪ್ಯಾಕ್ ಮಾಡಿ. ಇಲ್ಲದಿದ್ದರೆ ಬಸ್ಸಿನ ಕುಲುಕಾಟಕ್ಕೆ ನೀರು ಮೋಟರ್‌ಗೆ ನುಗ್ಗುತ್ತದೆ. ಆಪರೇಷನ್‌ಗೆ ಆಸ್ಪತ್ರೆ ಸೇರುವಾಗಲೂ ಮಷಿನ್ ಜೊತೆಗೇ ಒಯ್ಯಿರಿ, ನಿಮಗೆ ಸ್ಲೀಪ್ ಆ್ಯಪ್ನಿಯಾ ಇದೆ ಎಂದು ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ತಿಳಿಸಿ.