ಗಿಡಗಳ ಅಕ್ವೇರಿಯಂಗೆ ಪಾಚಿಯ ಕಾಟವೇ? ಮೊದಲು ಬೆಳಕನ್ನು ತಿದ್ದಿ

ಜಲಸಸ್ಯಗಳನ್ನು ನೆಟ್ಟ ಮೀನಿನ ತೊಟ್ಟಿಯಲ್ಲಿ ಪಾಚಿ ಕಾಣಿಸಿಕೊಂಡ ಕೂಡಲೇ ಅಂಗಡಿಯಿಂದ ಪಾಚಿನಾಶಕ ತಂದು ಸುರಿಯುವವರು ಬಹಳ ಮಂದಿ. ಔಷಧಿಗೆ ಪಾಚಿ ಸತ್ತರೂ ಅದನ್ನು ಬೆಳೆಸಿದ ಪರಿಸ್ಥಿತಿ ಹಾಗೆಯೇ ಉಳಿದಿರುವುದರಿಂದ ಅದು ಮತ್ತೆ ಚಿಗುರುತ್ತದೆ. ತಾಮ್ರ ಬೆರೆತ ಔಷಧಿಯಾದರೆ ಸಿಗಡಿ, ಬಸವನಹುಳುಗಳೂ ಸಾಯುತ್ತವೆ. ಗಿಡಗಳಿಗೆ ಬಳಸಿಕೊಳ್ಳಲಾಗದಷ್ಟು ಬೆಳಕು ತೊಟ್ಟಿಗೆ ಬೀಳುತ್ತಿರುವುದೇ ಹೆಚ್ಚಿನ ಮನೆಗಳಲ್ಲಿ ಪಾಚಿಗೆ ಮೂಲ ಕಾರಣ.

ಬಂದಿರುವುದು ಯಾವ ಪಾಚಿ ಎಂಬುದನ್ನು ಮೊದಲು ಬೆರಳಿನಿಂದ ಮುಟ್ಟಿ ತಿಳಿಯಬೇಕು. ಹೊಸ ತೊಟ್ಟಿಯ ಗಾಜಿನ ಮೇಲೆ ಕಂದು ಪುಡಿಯಂತೆ ಕೂತು, ಒರೆಸಿದರೆ ಸುಲಭವಾಗಿ ಹೋಗುವುದು ಡಯಾಟಮ್. ತೊಟ್ಟಿ ಹಳತಾದಂತೆ ಅದು ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ. ಉಗುರಿನಿಂದ ಕೆರೆದರೂ ಬಿಡದ ಹಸಿರು ಚುಕ್ಕೆಗಳು ಅತಿ ಬೆಳಕನ್ನೋ ಫಾಸ್ಫೇಟ್ ಕೊರತೆಯನ್ನೋ ಸೂಚಿಸುತ್ತವೆ. ಎಲೆಯಂಚಿಗೆ ಗಡ್ಡದ ಕೂದಲಿನಂತೆ ಅಂಟಿಕೊಂಡ ಕಪ್ಪು ಕುಚ್ಚುಗಳು ನೋಡಲು ಕಪ್ಪಾಗಿದ್ದರೂ ವಾಸ್ತವವಾಗಿ ಕೆಂಪು ಪಾಚಿಯ ಗುಂಪಿಗೆ ಸೇರಿದವು. ಇಂಗಾಲದ ಡೈಆಕ್ಸೈಡ್ ಪ್ರಮಾಣ ಒಂದೇ ಸಮನೆ ಏರಿಳಿಯುವ ತೊಟ್ಟಿಗಳಲ್ಲಿ ಇವು ಹೆಚ್ಚು. ಇನ್ನು ಹಾಳೆಯಂತೆ ಸುಲಿದುಬರುವ, ಮಣ್ಣಿನ ದುರ್ವಾಸನೆಯ ನೀಲಿ-ಹಸಿರು ಪೊರೆ ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ.

ಅನಂತರ ಬೆಳಕಿನ ಕಡೆಗೆ ಬನ್ನಿ. ದೀಪಕ್ಕೆ ಟೈಮರ್ ಹಾಕಿ, ದಿನಕ್ಕೆ 6 ಗಂಟೆ ಮಾತ್ರ ಉರಿಸಿ. ಗಿಡಗಳು ಚೆನ್ನಾಗಿ ಬೇರೂರಿದ ಮೇಲೆ ನಿಧಾನವಾಗಿ 8 ಗಂಟೆಗೆ ಏರಿಸಬಹುದು. ಕೈಯಾರೆ ಹಾಕಿ ಆರಿಸುವ ಅಭ್ಯಾಸವಿದ್ದರೆ ಅತಿಥಿಗಳು ಬಂದ ದಿನ ದೀಪ ರಾತ್ರಿ ಹನ್ನೊಂದರವರೆಗೂ ಉರಿಯುತ್ತಿರುತ್ತದೆ. ಕಿಟಕಿಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದಕ್ಷಿಣದ ಕಿಟಕಿಯ ಬಳಿ ಇಟ್ಟಿದ್ದ ನನ್ನ ತೊಟ್ಟಿ ಮಳೆಗಾಲವೆಲ್ಲ ಚೊಕ್ಕಟವಾಗಿದ್ದು, ಡಿಸೆಂಬರಿನಲ್ಲಿ ಒಂದು ಪಕ್ಕದ ಗಾಜು ಮಾತ್ರ ಹಸಿರಾಗತೊಡಗಿತು. ಸೂರ್ಯ ದಕ್ಷಿಣಕ್ಕೆ ವಾಲಿದ್ದರಿಂದ ಬಿಸಿಲು ಕೋಣೆಯ ಒಳಗಿನವರೆಗೆ ಚಾಚಿ, ಸರಿಯಾಗಿ ಆ ಗಾಜಿಗೇ ಬೀಳುತ್ತಿತ್ತು. ಒಂದು ದಪ್ಪ ಪರದೆ ಹಾಕಿದ ಮೇಲೆ ಬೇರೇನೂ ಮಾಡಬೇಕಾಗಲಿಲ್ಲ.

ಮೂರನೆಯದಾಗಿ, ಪಾಚಿಯ ಪಾಲಿನ ಆಹಾರವನ್ನು ಗಿಡಗಳೇ ಕಸಿದುಕೊಳ್ಳುವಂತೆ ಮಾಡಬೇಕು. ಹೈಡ್ರಿಲ್ಲಾ, ಹಾರ್ನ್‌ವರ್ಟ್, ವಾಟರ್ ವಿಸ್ಟೇರಿಯಾದಂತಹ ಬೇಗ ಬೆಳೆಯುವ ಗಿಡಗಳನ್ನು ಮೊದಲ ದಿನವೇ ಒತ್ತಾಗಿ ನೆಡಿ. ಮೂರೂ ನಮ್ಮ ದೇಶದ ನೀರಿನಲ್ಲಿ ಸಹಜವಾಗಿ ಬೆಳೆಯುವಂಥವು. ಅನುಬಿಯಾಸ್ ಎಲೆಗಳು ಬಹಳ ನಿಧಾನವಾಗಿ ಬೆಳೆಯುವುದರಿಂದ ಪಾಚಿ ಕೂರಲು ಬೇಕಾದಷ್ಟು ಕಾಲ ಸಿಗುತ್ತದೆ, ಆದ್ದರಿಂದ ಅದಕ್ಕೆ ನೆರಳಿನ ಜಾಗ ಕೊಡಿ. ಪಾಚಿಗೆ ಹೆದರಿ ಗೊಬ್ಬರವನ್ನೇ ನಿಲ್ಲಿಸುವುದು ದೊಡ್ಡ ತಪ್ಪು. ಹಸಿದು ಸೊರಗಿದ ಎಲೆಯ ಮೇಲೆಯೇ ಪಾಚಿ ಮೊದಲು ಕೂರುತ್ತದೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇರುವವರು ದೀಪ ಹೊತ್ತುವ ಒಂದೆರಡು ಗಂಟೆ ಮೊದಲೇ ಅನಿಲ ಬಿಡಲು ಆರಂಭಿಸಬೇಕು.

ವಾರಕ್ಕೊಮ್ಮೆ 30ರಿಂದ 50 ಶೇಕಡಾ ನೀರು ಬದಲಿಸಿ, ತಳದ ಕಸವನ್ನು ಪೈಪಿನಿಂದ ಹೀರಿ ತೆಗೆಯಿರಿ. ನಲ್ಲಿ ನೀರಾದರೆ ಕ್ಲೋರಿನ್ ನಿವಾರಕ ಬೆರೆಸುವುದನ್ನು ಮರೆಯಬೇಡಿ.

ಕಪ್ಪು ಕುಚ್ಚುಗಳಿಗೆ ಮಾತ್ರ ನೇರ ಚಿಕಿತ್ಸೆ ಬೇಕಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ 6 ಶೇಕಡಾ ಸಾಂದ್ರತೆಯದ್ದಾಗಿರುತ್ತದೆ. ಶೀಷೆಯ ಚೀಟಿ ಓದಿ, ಅಷ್ಟೇ ನೀರು ಬೆರೆಸಿ 3 ಶೇಕಡಾಕ್ಕೆ ಇಳಿಸಿಕೊಳ್ಳಿ. ಫಿಲ್ಟರ್ ನಿಲ್ಲಿಸಿ, ತೊಟ್ಟಿಯ ಪ್ರತಿ 10 ಲೀಟರಿಗೆ ಎರಡೂವರೆ ಮಿಲಿ ಮೀರದಂತೆ, ಸೂಜಿ ತೆಗೆದ ಸಿರಿಂಜಿನಿಂದ ಕುಚ್ಚಿನ ಮೇಲೆಯೇ ನಿಧಾನವಾಗಿ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಹತ್ತು ನಿಮಿಷದ ಬಳಿಕ ಫಿಲ್ಟರ್ ಚಾಲೂ ಮಾಡಿ. ಕೆಲವು ದಿನಗಳಲ್ಲಿ ಕುಚ್ಚು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ಸತ್ತಿದೆ ಎಂದರ್ಥ. ಜಾವಾ ಮಾಸ್‌ನಂತಹ ಹಾವಸೆ ಗಿಡಗಳು ಇದಕ್ಕೆ ಸುಡಬಹುದಾದ್ದರಿಂದ ಅವುಗಳಿಂದ ದೂರವಿರಿ. ನೀಲಿ-ಹಸಿರು ಪೊರೆಯಾದರೆ ಕೈಲಾದಷ್ಟನ್ನು ಹೀರಿ ತೆಗೆದು, ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿ, ಮೂರು ದಿನ ಕತ್ತಲಲ್ಲಿಡಿ. ಗಾಳಿಯ ಪಂಪ್ ನಡೆಯುತ್ತಲೇ ಇರಲಿ.

ಅಮಾನೊ ಸಿಗಡಿ, ನೆರೈಟ್ ಬಸವನಹುಳುಗಳನ್ನು ಇಷ್ಟೆಲ್ಲ ಆದ ಮೇಲೆಯೇ ತನ್ನಿ. ಈ ಸಿಗಡಿಯನ್ನು ಪಾಚಿ ನಿಯಂತ್ರಣಕ್ಕೆ ಬಳಸಿ ಜಗತ್ತಿಗೆ ಪರಿಚಯಿಸಿದವರು ಜಪಾನಿನ ತಕಾಶಿ ಅಮಾನೊ; ಅದಕ್ಕೆ ಬಂದಿರುವುದೂ ಅವರದೇ ಹೆಸರು. ಅವು ಎಳೆಯ ಪಾಚಿಯನ್ನು ಮೇಯುತ್ತವೆಯೇ ಹೊರತು ಬಲಿತ ಕಪ್ಪು ಕುಚ್ಚನ್ನು ಮುಟ್ಟುವುದು ಕಡಿಮೆ. ಹಾಗಾಗಿ ಪಾಚಿ ಮುಸುಕಿದ ಹಳೆಯ ಎಲೆಗಳನ್ನು ನೀವೇ ಬುಡದಿಂದ ಕತ್ತರಿಸಿ ತೆಗೆಯಬೇಕು. ಕತ್ತರಿಸಿದ್ದನ್ನು ಕೆರೆಗೋ ಚರಂಡಿಗೋ ಎಸೆಯದೆ ಒಣಗಿಸಿ, ಹೂಕುಂಡದ ಮಣ್ಣಿಗೆ ಹಾಕಿ.