ಅಮೆರಿಕದಲ್ಲಿ ಜಾಮೀನು: ಏಜೆಂಟರಿಗೆ ಕೊಟ್ಟ ಶೇಕಡಾ 10 ಹಿಂದಿರುಗುವುದಿಲ್ಲ

ಅಮೆರಿಕದಲ್ಲಿ ಬಂಧನವಾದಾಗ ವಕೀಲರಿಲ್ಲದೆ ಪೊಲೀಸರಿಗೆ ಹೇಳಿಕೆ ಕೊಡಬಾರದೆಂಬುದು ಎಲ್ಲರಿಗೂ ಗೊತ್ತಿರುವುದರಿಂದ ಜಾಮೀನಿನ ಹಣದ ಬಗ್ಗೆ ಮಾತ್ರ ಬರೆಯುತ್ತೇನೆ. ನಾವು ಮಾಡಿದ ತಪ್ಪನ್ನೇ ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಎರಡು ಕನ್ನಡ ಕುಟುಂಬಗಳು ಈಚೆಗೆ ಮತ್ತೆ ಮಾಡಿದವು.

ಸ್ಯಾನ್ ಹೋಸೆಯಲ್ಲಿ ಒಂದು ಶುಕ್ರವಾರ ರಾತ್ರಿ ಬಂಧಿತರಾದ ಸ್ನೇಹಿತರೊಬ್ಬರಿಗೆ 20,000 ಡಾಲರ್ ಜಾಮೀನು ನಿಗದಿಯಾಗಿತ್ತು. ನಾವು ನಾಲ್ವರು ಸೇರಿ ಬಾಂಡ್ ಏಜೆಂಟರೊಬ್ಬರಿಗೆ, ಅಂದರೆ ಶುಲ್ಕ ಪಡೆದು ಕೋರ್ಟಿಗೆ ಪೂರ್ತಿ ಮೊತ್ತದ ಹೊಣೆ ಹೊರುವ ವ್ಯಾಪಾರಿಗೆ, ಅದರ ಶೇಕಡಾ 10 ಆದ 2,000 ಡಾಲರ್ ಕಟ್ಟಿದೆವು. ಊರಿನಲ್ಲಿ ಪಹಣಿ ಕೊಟ್ಟು ಜಾಮೀನು ನಿಂತವರ ಹೊಣೆ ಪ್ರಕರಣದೊಂದಿಗೇ ಮುಗಿಯುವಂತೆ, ಇದೂ ಮರಳಿ ಬರುವ ಠೇವಣಿಯೆಂದು ನಂಬಿದ್ದೆವು. ರಸೀದಿಯಲ್ಲಿ 'ಪ್ರೀಮಿಯಂ' ಎಂದಿತ್ತು. ಅದರ ಅರ್ಥವನ್ನು ನಾವ್ಯಾರೂ ಕೇಳಲಿಲ್ಲ. ಕೊನೆಗೆ ಪ್ರಾಸಿಕ್ಯೂಟರ್ ಆರೋಪವನ್ನೇ ದಾಖಲಿಸಲಿಲ್ಲ, ಆದರೂ ಒಂದು ಡಾಲರೂ ಹಿಂದೆ ಬರಲಿಲ್ಲ, ಏಕೆಂದರೆ ಅದು ಏಜೆಂಟರ ಶುಲ್ಕ. ಅದಕ್ಕಿಂತ ದೊಡ್ಡ ಅಪಾಯ ಏಜೆಂಟರ ಒಪ್ಪಂದಕ್ಕೆ ಹಾಕುವ ಸಹಿಯಲ್ಲಿದೆ: ಆರೋಪಿ ವಿಚಾರಣೆಗೆ ತಪ್ಪಿಸಿಕೊಂಡರೆ ಪೂರ್ತಿ 20,000 ಡಾಲರ್ ಸಹಿ ಹಾಕಿದವರ ಮೇಲೆ ಬೀಳಬಹುದು.

ಕೋರ್ಟಿಗೇ ನೇರವಾಗಿ ಕಟ್ಟಿದ ಹಣವಾದರೆ, ಆರೋಪಿ ಎಲ್ಲ ವಿಚಾರಣೆಗೂ ಹಾಜರಾದಲ್ಲಿ, ಪ್ರಕರಣ ಮುಗಿದ ಮೇಲೆ ಮರಳುತ್ತದೆ. ಬಡವರನ್ನು ಬಿಡಿಸುವ ಸಮುದಾಯ ಜಾಮೀನು ನಿಧಿಗಳು ಹೀಗೆ ಮರಳಿದ ಹಣದಿಂದಲೇ ಮತ್ತೊಬ್ಬರನ್ನು ಬಿಡಿಸುತ್ತವೆ. ಆದ್ದರಿಂದ ಏಜೆಂಟರ ಬಳಿ ಓಡುವ ಮೊದಲು ವಕೀಲರನ್ನು ಕಂಡು, ಸ್ವಂತ ಮುಚ್ಚಳಿಕೆಯ ಮೇಲೆ, ಅಂದರೆ ಹಣ ಕಟ್ಟದೆ ವಿಚಾರಣೆಗೆ ಬರುತ್ತೇನೆಂದು ಬರೆದುಕೊಟ್ಟು, ಬಿಡುಗಡೆ ಕೇಳಲು ಹೇಳಿ. ಕ್ಯಾಲಿಫೋರ್ನಿಯಾದಲ್ಲಿ ಬಂಧಿತರನ್ನು ಭಾನುವಾರ ಮತ್ತು ರಜೆಗಳನ್ನು ಬಿಟ್ಟು 48 ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಆರೋಪಿಯ ಹಣಕಾಸಿನ ಶಕ್ತಿಯನ್ನು ಪರಿಗಣಿಸದೆ ಮೊತ್ತ ನಿಗದಿ ಮಾಡಬಾರದೆಂದು ರಾಜ್ಯದ ಸುಪ್ರೀಂ ಕೋರ್ಟು 2021ರ ಹಂಫ್ರಿ ತೀರ್ಪಿನಲ್ಲಿ ಹೇಳಿದೆ.

ರಾಜ್ಯದಿಂದ ರಾಜ್ಯಕ್ಕೆ ಪದ್ಧತಿ ಬೇರೆ. ನ್ಯೂಜೆರ್ಸಿ 2017ರಿಂದ ನಗದು ಜಾಮೀನನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ಇಲಿನಾಯ್ 2023ರ ಸೆಪ್ಟೆಂಬರ್ 18ರಿಂದ ಪೂರ್ತಿಯಾಗಿ ರದ್ದುಮಾಡಿದೆ. ಅಲ್ಲಿನ ರಾಜ್ಯದ ಪ್ರಕರಣವೆಂದು ಹೇಳಿ ಯಾರಾದರೂ ಫೋನಿನಲ್ಲಿ ಜಾಮೀನಿನ ಹಣ ಕೇಳಿದರೆ ಅದು ವಂಚನೆಯೇ. ನನ್ನ ಮಟ್ಟಿಗೆ ಇಲಿನಾಯ್ ದಾರಿಯೇ ನ್ಯಾಯವಾದದ್ದು. ಬೆನ್ನಚೀಲ ಕದ್ದನೆಂಬ ಆರೋಪದ ಮೇಲೆ 2010ರಲ್ಲಿ ಬಂಧಿತನಾದ 16 ವರ್ಷದ ಕಲೀಫ್ ಬ್ರೌಡರ್, ಮನೆಯವರಿಗೆ 3,000 ಡಾಲರ್ ಹೊಂದಿಸಲಾಗದೆ, ವಿಚಾರಣೆಯೇ ನಡೆಯದೆ ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಜೈಲಿನಲ್ಲಿ ಸುಮಾರು ಮೂರು ವರ್ಷ ಕಳೆದ. ಪ್ರಕರಣ ಕೈಬಿಟ್ಟು ಬಿಡುಗಡೆಯಾದ ಮೇಲೆ, 2015ರಲ್ಲಿ ಪ್ರಾಣ ಕಳೆದುಕೊಂಡ. ಭಾರತದಲ್ಲಿ ಬಾಂಡ್ ವ್ಯಾಪಾರವಿಲ್ಲ, ಆದರೆ ಜಾಮೀನು ನಿಲ್ಲುವವರಿಲ್ಲದ ಬಡವರು ಅಲ್ಲಿಯೂ ಒಳಗೇ ಉಳಿಯುತ್ತಾರೆ.

ಜೈಲಿನ ಫೋನು ಧ್ವನಿಮುದ್ರಣವಾಗುತ್ತದೆ, ಆದ್ದರಿಂದ ಘಟನೆಯ ವಿಷಯವನ್ನು ಅದರಲ್ಲಿ ಕನ್ನಡದಲ್ಲಿಯೂ ಆಡಬೇಡಿ. ವೀಸಾದಲ್ಲಿರುವವರು ವಲಸೆ ವಕೀಲರನ್ನೂ ಕೇಳಲೇಬೇಕು. ಅಪ್ಪನ ಹೆಸರೋ ಊರಿನ ಹೆಸರೋ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಆಗಿರುವ ನಮ್ಮವರನ್ನು ಜೈಲಿನ ಪಟ್ಟಿಯಲ್ಲಿ ಆ ಹೆಸರಿನಿಂದಲೇ, ಜನ್ಮದಿನಾಂಕದೊಂದಿಗೆ ಹುಡುಕಿ. ಅದು ತಿಳಿಯದೆ ನಾವು ಆ ರಾತ್ರಿ ಎರಡು ಗಂಟೆ ಕಳೆದುಕೊಂಡೆವು.